ಮಾಳಿಗೆಗೆ ಹಾಕಿದ ಕೀಲಿ: ಬೆಳಗಾವಿಯಲ್ಲಿ ಬಾಡಿಗೆ ಮನೆಯ ನಿಜವಾದ ಲೆಕ್ಕ

ಟಿಳಕವಾಡಿಯಲ್ಲಿ ನಮ್ಮ ಕಾಕಾನ ಮನೆ ಇದೆ. ಕೆಳಗೆ ಅವರು ಇರುತ್ತಾರೆ. ಮೇಲೆ ಎರಡು ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇದೆ. ಆ ಮಾಳಿಗೆಗೆ ಆರು ವರ್ಷ ಕೀಲಿ ಬಿದ್ದಿತ್ತು. "ಯಾರಿಗಾದ್ರೂ ಬಾಡಿಗೆಗೆ ಕೊಡಬಾರದೇನು ಕಾಕಾ?" ಅಂತ ಕೇಳಿದಾಗಲೆಲ್ಲ ಒಂದೇ ಉತ್ತರ: "ಬ್ಯಾಡೋ ತಮ್ಮಾ. ಒಮ್ಮೆ ಒಳಗ ಬಂದ್ರ ಹೊರಗ ಹೋಗೂದಿಲ್ಲ. ಹನ್ನೆರಡ ವರ್ಷ ಆತಂದ್ರ ಮನಿ ಅವರದ ಆಗತೈತಿ."

ಆಗ ಆ ಓಣಿಯಲ್ಲಿ ಅಂಥ ಮನೆಗೆ ತಿಂಗಳಿಗೆ 7,000 ರೂಪಾಯಿ ಬಾಡಿಗೆ ಬರುತ್ತಿತ್ತು. ಆರು ವರ್ಷ ಅಂದರೆ 72 ತಿಂಗಳು. ಒಟ್ಟು 5,04,000 ರೂಪಾಯಿ. ಕಾಕಾ ಅಷ್ಟು ರೊಕ್ಕವನ್ನು ಕಳೆದುಕೊಂಡೆ ಎಂದು ಯಾವತ್ತೂ ಅಂದುಕೊಳ್ಳಲಿಲ್ಲ. ಕೈಗೆ ಬಾರದ ರೊಕ್ಕ ಹೋಗಿದ್ದು ಯಾರಿಗೂ ಕಾಣುವುದಿಲ್ಲ.

ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಹಳ್ಳಿಯಲ್ಲಿ ಹೊಲ ಇದ್ದ ಎಷ್ಟೋ ಮನೆತನಗಳಿಗೆ 1974ರ ನೆನಪು ಇನ್ನೂ ಹಸಿಯಾಗಿದೆ. ಆ ವರ್ಷ ಮಾರ್ಚ್ 1ರಂದು ಭೂ ಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟಿದ್ದ ಹೊಲಗಳು ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದ ಗೇಣಿದಾರರು 7ನೇ ನಂಬರಿನ ಫಾರ್ಮ್ ತುಂಬಿ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಬೆವರು ಸುರಿಸಿದವರಿಗೆ ಅದು ನ್ಯಾಯವೇ ಆಗಿತ್ತು. ಆದರೆ ಹೊಲ ಬಿಟ್ಟುಕೊಟ್ಟ ಮನೆಗಳಲ್ಲಿ, ನಮ್ಮದನ್ನು ಇನ್ನೊಬ್ಬರ ಕೈಗೆ ಕೊಡಲೇಬಾರದು ಎಂಬ ಮಾತು ಉಳಿದುಬಿಟ್ಟಿತು.

ಆ ಕಾಯ್ದೆ ಸಾಗುವಳಿ ಜಮೀನಿನದು. ಪಟ್ಟಣದ ಮನೆಗೂ ಅದಕ್ಕೂ ಸಂಬಂಧವಿಲ್ಲ. ಇನ್ನು 12 ವರ್ಷದ ಮಾತು ಬಂದದ್ದು 1963ರ ಕಾಲಮಿತಿ ಕಾಯ್ದೆಯಿಂದ. ಮಾಲೀಕರ ಹಕ್ಕನ್ನು ಒಪ್ಪದೆ, ಎಲ್ಲರ ಎದುರಿಗೇ ಇದು ನನ್ನದು ಎಂದು 12 ವರ್ಷ ಆಸ್ತಿ ಹಿಡಿದುಕೊಂಡು ಕೂತವರ ವಿಷಯ ಅದು. ಬಾಡಿಗೆದಾರರು ಹಾಗಲ್ಲ. ಅವರು ಒಳಗೆ ಬಂದಿದ್ದೇ ನಿಮ್ಮ ಒಪ್ಪಿಗೆಯಿಂದ. ಪ್ರತಿ ತಿಂಗಳು ಬಾಡಿಗೆ ಕೊಟ್ಟಾಗ ನೀವೇ ಮಾಲೀಕರು ಎಂದು ಅವರೇ ಒಪ್ಪಿದ ಹಾಗೆ. ಇಪ್ಪತ್ತು ವರ್ಷ ಇದ್ದರೂ ಅವರು ಬಾಡಿಗೆದಾರರೇ. ನೀವು ಮಾಡಬೇಕಾದದ್ದು ಇಷ್ಟೇ: ಕರಾರು ಪತ್ರ ಇರಲಿ, ಬಾಡಿಗೆ ಬ್ಯಾಂಕ್ ಖಾತೆಗೆ ಅಥವಾ ಯುಪಿಐ ಮೂಲಕ ಬರಲಿ. ಆ ದಾಖಲೆಯೇ ನಿಮಗೆ ಕಾವಲು.

ಹಾಗಂತ ತೊಂದರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮನೆ ಅವರದಾಗುವುದಿಲ್ಲ, ನಿಜ. ಆದರೆ ಹಟ ಹಿಡಿದವರನ್ನು ಕೋರ್ಟ್ ಮೂಲಕ ಬಿಡಿಸಲು ವರ್ಷಗಳೇ ಹಿಡಿಯಬಹುದು. ಅದಕ್ಕೇ ಯಾರನ್ನು ಒಳಗೆ ಕರೆಯುತ್ತೀರಿ ಎನ್ನುವುದು ಮುಖ್ಯ. ಅದನ್ನು ಮುಂದೆ ಹೇಳುತ್ತೇನೆ.

ಕಂತು ಬಾಡಿಗೆಯಲ್ಲಿ ತೀರುತ್ತದೆಯೇ?

ಕಾಕಾ ಒಂದು ತುದಿ. ಇನ್ನೊಂದು ತುದಿಯಲ್ಲಿ ನನ್ನ ವಯಸ್ಸಿನವರು ಇದ್ದಾರೆ. "ಸಾಲ ಮಾಡಿ ಮನೆ ತಗೊಂಡ್ರ ಕಂತು ಬಾಡಿಗಿಯೊಳಗ ತೀರತೈತ್ರೀ" ಎನ್ನುತ್ತಾರೆ. ನಾನೂ ಹಾಗೇ ನಂಬಿ ಅನಗೋಳದಲ್ಲಿ ಎರಡು ಪೋರ್ಷನ್ನಿನ ಒಂದು ಮನೆ ಕೊಂಡೆ. ಅದಕ್ಕೆ ಈಗ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ. ನಿಮ್ಮ ಓಣಿಯ ಅಂಕಿ ಹಾಕಿ ನೋಡಿ, ದಾರಿ ಮಾತ್ರ ಇದೇ.

ಮನೆಯ ಬೆಲೆ 40 ಲಕ್ಷ ಎಂದುಕೊಳ್ಳಿ. ಖರೇದಿ ಪತ್ರ ಮಾಡಿಸಲು ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎಲ್ಲ ಸೇರಿ ಶೇ 7.6, ಅಂದರೆ 3,04,000 ರೂಪಾಯಿ. ನೀವು ಹಾಕಿದ ರೊಕ್ಕ 40 ಲಕ್ಷವಲ್ಲ, 43 ಲಕ್ಷದ ಮೇಲೆ. ದಲಾಲಿ, ವಕೀಲರ ಫೀ ಬೇರೆ.

ಎರಡು ಪೋರ್ಷನ್‌ಗೆ ತಲಾ 8,000 ಬಾಡಿಗೆ. ತಿಂಗಳಿಗೆ 16,000, ವರ್ಷಕ್ಕೆ 1,92,000. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. 40 ಲಕ್ಷಕ್ಕೆ ಶೇ 4.8 ಬಂತು ಎನ್ನುತ್ತಾರೆ. ಈಗ ಕಳೆಯೋಣ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಬಣ್ಣ, ದುರಸ್ತಿ, ಹುಡುಕಾಟ ಎಂದು ವರ್ಷಕ್ಕೆ ಸರಾಸರಿ ಒಂದು ತಿಂಗಳು ಖಾಲಿ: 16,000. ಮನೆಪಟ್ಟಿ (ಪಾಲಿಕೆಯ ಆಸ್ತಿ ತೆರಿಗೆ) 9,000. ದುರಸ್ತಿಗೆ 20,000. ಟಾಕಿ ತೊಳೆಸುವುದು, ಮೋಟಾರು, ಸಣ್ಣಪುಟ್ಟ ಖರ್ಚು 3,000. ಉಳಿಯುವುದು 1,44,000. ಅದನ್ನು 43 ಲಕ್ಷಕ್ಕೆ ಹಚ್ಚಿದರೆ ಶೇ 3.35. ತಿಂಗಳಿಗೆ 12,000.

ಈಗ ಸಾಲ. 28 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಕಂತು ಸುಮಾರು 24,300. ಬಾಡಿಗೆ ಅದರಲ್ಲಿ ಅರ್ಧ ಮಾತ್ರ ತುಂಬುತ್ತದೆ. ಉಳಿದ 12,300 ಪ್ರತಿ ತಿಂಗಳು ನಿಮ್ಮ ಪಗಾರದಿಂದಲೇ ಹೋಗಬೇಕು. ಮೊದಲ ವರ್ಷದ ಬಡ್ಡಿಯೊಂದೇ ಸುಮಾರು 2,36,000 ಆಗುತ್ತದೆ. ಕೈಗೆ ಉಳಿಯುವ ಬಾಡಿಗೆ 1,44,000. ಶೇ 3.35 ಕೊಡುವ ಮನೆಗೆ ಶೇ 8.5ರ ಸಾಲ. ಇಲ್ಲಿ ಸಾಲ ಜಾಸ್ತಿ ಆದಷ್ಟೂ ಭಾರ ಜಾಸ್ತಿ. ಮನೆ ಬೆಲೆ ಮುಂದೆ ಏರಬಹುದು, ನಿಜ. ಆದರೆ ಆ ಏರಿಕೆ ಸಿಗುವುದು ಮಾರಿದ ದಿನ. ಕಂತು ಕೇಳುವುದು ಪ್ರತಿ ತಿಂಗಳು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಮ್ಮಂಥ ಊರಿನಲ್ಲಿ ಕೈಯಿಂದ ಹಾಕುವ ರೊಕ್ಕ ಅರ್ಧಕ್ಕಿಂತ ಜಾಸ್ತಿ ಇಲ್ಲದಿದ್ದರೆ ಬರೀ ಬಾಡಿಗೆ ನಂಬಿ ಮನೆ ಕೊಳ್ಳಬೇಡಿ. ಎರಡು ಮನೆ ಒಟ್ಟಿಗೆ ಖಾಲಿಯಾದ ವರ್ಷ ಎದೆ ಹಿಂಡಿದಂತಾಗುತ್ತದೆ.

ಖಾಲಿ ತಿಂಗಳಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ನಾನು ಅತಿ ಜಾಸ್ತಿ ಕಳೆದುಕೊಂಡದ್ದು ಅಲ್ಲೇ. ಮೊದಲ ವರ್ಷ ನಮ್ಮ ಓಣಿಯಲ್ಲಿ 8,000 ನಡೆಯುತ್ತಿತ್ತು. ನಾನು ಟೈಲ್ಸ್ ಹೊಸದು, 9,000 ಬೇಕು ಎಂದು ಕೂತೆ. ಐದು ತಿಂಗಳು ಮನೆ ಖಾಲಿ ಉಳಿಯಿತು. ಕೊನೆಗೆ 9,000ಕ್ಕೆ ಒಬ್ಬರು ಬಂದರು. ಗೆದ್ದೆ ಅನಿಸಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಐದು ತಿಂಗಳಿಗೆ 40,000 ಹೋಗಿತ್ತು. ತಿಂಗಳಿಗೆ 1,000 ಹೆಚ್ಚು ಬಂದರೆ ಅದು ತುಂಬಲು 40 ತಿಂಗಳು ಬೇಕು. ಅವರು ಎರಡು ವರ್ಷಕ್ಕೆ ಬಿಟ್ಟು ಹೋದರು. ಅಂದಿನಿಂದ ಓಣಿಯ ದರಕ್ಕಿಂತ 300 ಅಥವಾ 500 ಕಡಿಮೆ ಹೇಳುತ್ತೇನೆ. ಹತ್ತು ಮನೆತನ ಕೇಳಲು ಬರುತ್ತವೆ, ಅದರಲ್ಲಿ ಒಳ್ಳೆಯವರನ್ನು ಆರಿಸಿಕೊಳ್ಳುವ ಅವಕಾಶ ನನಗೆ ಸಿಗುತ್ತದೆ.

ಮೇಲಿನ ಮಾಳಿಗೆ ಕಟ್ಟುವುದು

ಹಾಗಾದರೆ ಬಾಡಿಗೆಯಲ್ಲಿ ಲಾಭವೇ ಇಲ್ಲವೇ? ಇದೆ. ಆದರೆ ಅದು ಬಹಳಷ್ಟು ಜನರ ತಲೆಯ ಮೇಲೇ ಇದೆ. ಸ್ವಂತ ಮನೆ ಇರುವವರು ಅದರ ಮೇಲೆ ಒಂದು ಮಾಳಿಗೆ ಕಟ್ಟಿಸಿದರೆ ಜಾಗದ ಖರ್ಚು ಇಲ್ಲ, ನೋಂದಣಿ ಖರ್ಚು ಇಲ್ಲ. 750 ಚದರ ಅಡಿಗೆ ಅಡಿಗೆ 2,000ದಂತೆ 15 ಲಕ್ಷ ಎಂದುಕೊಳ್ಳಿ. 8,500 ಬಾಡಿಗೆ ಬಂದರೆ ವರ್ಷಕ್ಕೆ 1,02,000. ಒಂದು ಖಾಲಿ ತಿಂಗಳು, ಪಟ್ಟಿ, ದುರಸ್ತಿ ಎಂದು 19,000 ಕಳೆಯಿರಿ. 83,000 ಉಳಿಯಿತು. ಶೇ 5.5. ಹೊಸ ಮನೆ ಕೊಂಡದ್ದಕ್ಕಿಂತ ಎಷ್ಟು ಮೇಲು ನೋಡಿ! ಮಾಲೀಕರು ಕೆಳಗೇ ಇರುವುದರಿಂದ ಬಾಡಿಗೆಗೆ ಬಂದವರ ಮೇಲೆ ಕಣ್ಣೂ ಇರುತ್ತದೆ.

ಇದಕ್ಕೆ ಎರಡು ಷರತ್ತು. ಪಾಲಿಕೆಯಿಂದ ಕಟ್ಟಡ ಪರವಾನಗಿ ತೆಗೆದುಕೊಳ್ಳಿ, ಆಮೇಲೆ ನೋಡೋಣ ಎನ್ನಬೇಡಿ. ಇನ್ನೊಂದು, ಗೌಂಡಿಯ ಮಾತಿನ ಮೇಲೆ ಹೋಗದೆ ಎಂಜಿನಿಯರ್ ಕೈಲಿ ಬುನಾದಿ ತೋರಿಸಿ. ಬೆಳಗಾವಿಯ ಪಶ್ಚಿಮಕ್ಕೆ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಅದರಲ್ಲಿ ಕಟ್ಟಿದ ಹಳೆ ಮನೆಗಳಿಗೆ ಪಿಲ್ಲರ್ ಇರುವುದಿಲ್ಲ, ಭಾರವೆಲ್ಲ ಗೋಡೆಯ ಮೇಲೆ. ಪೂರ್ವಕ್ಕೆ ಬೈಲಹೊಂಗಲದ ಕಡೆ, ಮುಂದೆ ಬಾಗಲಕೋಟೆ, ವಿಜಯಪುರದಲ್ಲಿ ಎರೆ ಮಣ್ಣು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿ ಆಳವಿಲ್ಲದಿದ್ದರೆ ಗೋಡೆಯಲ್ಲಿ ಓರೆಯಾಗಿ ಬಿರುಕು ಬರುತ್ತದೆ. ಅಂಥ ಬಿರುಕಿಗೆ ಬಣ್ಣ ಬಳಿದು ಮಾರುವವರೂ ಇದ್ದಾರೆ. ಮನೆ ನೋಡಲು ಹೋದಾಗ ಬಾಗಿಲು, ಕಿಟಕಿಯ ಮೂಲೆಗಳನ್ನು ನೋಡಿ.

ಬೆಳಗಾವಿಯಲ್ಲಿ ಹೆಚ್ಚು ನೋಡಬೇಕಾದದ್ದು ಸೋರಿಕೆ. ವಿಜಯಪುರದ ಸುಮಾರು ಎರಡರಷ್ಟು ಮಳೆ ನಮ್ಮಲ್ಲಿ ಬೀಳುತ್ತದೆ. ಮನೆ ಕೊಳ್ಳುವವರು ಜುಲೈ, ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ನೋಡಬೇಕು. ಫೆಬ್ರುವರಿಯಲ್ಲಿ ಎಲ್ಲ ಮನೆಯೂ ಚೆಂದವೇ.

ಬಾಡಿಗೆದಾರರು ಎಲ್ಲಿಂದ ಬರುತ್ತಾರೆ?

ಮನೆ ಆರಿಸುವ ಮುಂಚೆ ಅಲ್ಲಿ ಇರಲು ಬರುವವರು ಯಾರು ಎಂದು ಕೇಳಿಕೊಳ್ಳಿ. ನೆಹರೂ ನಗರ, ಸದಾಶಿವ ನಗರದ ಕಡೆ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಇವೆ. ನರ್ಸ್‌ಗಳು, ಕಿರಿಯ ಡಾಕ್ಟರುಗಳು, ವಿದ್ಯಾರ್ಥಿಗಳು ಬರುತ್ತಾರೆ. ಬಾಡಿಗೆ ಜಾಸ್ತಿ, ಬದಲಾವಣೆಯೂ ಜಾಸ್ತಿ. ಉದ್ಯಮಬಾಗದಲ್ಲಿ ಕಾರ್ಖಾನೆಗಳಿವೆ, ಎಂಜಿನಿಯರಿಂಗ್ ಕಾಲೇಜಿದೆ. ಅದಕ್ಕೆ ಹತ್ತಿರದ ಅನಗೋಳ, ಮಚ್ಛೆ, ಪೀರನವಾಡಿಯಲ್ಲಿ ಕೆಲಸಗಾರ ಕುಟುಂಬಗಳು ಮನೆ ಹುಡುಕುತ್ತವೆ. ಬಾಡಿಗೆ ಸ್ವಲ್ಪ ಕಡಿಮೆ. ಆದರೆ ಮಕ್ಕಳ ಸಾಲಿ ಹತ್ತಿರ ಇದ್ದರೆ ಐದಾರು ವರ್ಷ ಕದಲುವುದಿಲ್ಲ. ನನಗೆ ಇಂಥವರೇ ಇಷ್ಟ. ವಡಗಾವಿ, ಖಾಸಬಾಗ, ಶಹಾಪುರದಲ್ಲಿ ನೇಕಾರರು ಹೆಚ್ಚು. ಅಲ್ಲಿ ಮನೆಯೊಳಗೇ ಮಗ್ಗ ಹಾಕುತ್ತಾರೆಯೇ ಎಂದು ಮೊದಲೇ ಮಾತಾಡಿ. ನೆಲ, ವೈರಿಂಗ್, ಮೀಟರ್ ಎಲ್ಲ ಅದಕ್ಕೆ ತಕ್ಕ ಹಾಗೆ ಬೇಕಾಗುತ್ತದೆ.

ಹಲಗಾದಲ್ಲಿ 2012ರಲ್ಲಿ ಸುವರ್ಣಸೌಧ ಉದ್ಘಾಟನೆಯಾಯಿತು. ಅದನ್ನು ತೋರಿಸಿ ಇಂದಿಗೂ ಪ್ಲಾಟ್ ಮಾರುತ್ತಾರೆ. ಅಧಿವೇಶನ ನಡೆಯುವುದು ಚಳಿಗಾಲದಲ್ಲಿ ಕೆಲವು ದಿನ. ಬಂದವರು ಲಾಡ್ಜ್‌ನಲ್ಲಿ ಉಳಿಯುತ್ತಾರೆ, ಬಾಡಿಗೆ ಮನೆ ಹಿಡಿಯುವುದಿಲ್ಲ. ಬಾಗಲಕೋಟೆಯವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಹಳೆ ಊರಿನಲ್ಲಿ ಅಗ್ಗದ ಮನೆ ಕಂಡರೆ, ಅದು ಮುಳುಗಡೆ ಗುರುತಿನ ಒಳಗೋ ಹೊರಗೋ ಎಂದು ನೋಡದೆ ಬಾಡಿಗೆಗೆಂದು ಕೊಳ್ಳಬೇಡಿ. ಮುಳುಗಡೆಯಾದವರಿಗೆ ಕಟ್ಟಿದ ಹೊಸ ಊರು ನವನಗರದಲ್ಲಿ ಆ ಚಿಂತೆ ಇಲ್ಲ.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದನ್ನು ಓದದೆ ಮುಂದೆ ಹೋಗಬೇಡಿ. ಉತಾರ (ಮಾಲೀಕರ ಹೆಸರಿರುವ ಆಸ್ತಿ ದಾಖಲೆ), ಖರೇದಿ ಪತ್ರ, ಋಣಭಾರ ಪತ್ರ, ಪಾಲಿಕೆಯ ಇ-ಖಾತಾ, ಕಟ್ಟಡ ಪರವಾನಗಿ. ಇವೆಲ್ಲದರಲ್ಲೂ ಹೆಸರು, ಅಳತೆ ಒಂದೇ ಇರಬೇಕು. ಅಣ್ಣತಮ್ಮಂದಿರ ಆಸ್ತಿಯಾದರೆ ವಾಟ್ನಿ (ಪಾಲು ಹಂಚಿಕೆ) ಆಗಿದೆಯೇ, ಅಕ್ಕತಂಗಿಯರ ಸಹಿ ಇದೆಯೇ ಎಂದು ಕೇಳಿ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ. ಎನ್‌ಎ ಆಗದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ಹರಿದು ಬರೀ ಬಾಂಡ್ ಪೇಪರಿನ ಮೇಲೆ ಕೊಡುತ್ತೇವೆ ಎಂದರೆ ಎದ್ದು ಬನ್ನಿ. ಅಂಥ ಬಾಂಡ್ ಖರೇದಿ ಪತ್ರವಾಗುವುದಿಲ್ಲ, ಅದರ ಮೇಲೆ ಬ್ಯಾಂಕ್ ಸಾಲವನ್ನೂ ಕೊಡುವುದಿಲ್ಲ.

ಕರಾರು, ಮೀಟರ್, ನೀರು

ಎಲ್ಲರೂ 11 ತಿಂಗಳಿಗೇ ಯಾಕೆ ಕರಾರು ಮಾಡುತ್ತಾರೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. 11 ತಿಂಗಳಾದರೆ ಬೇಕಿಲ್ಲ. ಮೂರು ವರ್ಷಕ್ಕೆ ಬರೆದು ನೋಂದಣಿ ಬಿಟ್ಟರೆ, ನಾಳೆ ಜಗಳ ಬಂದಾಗ ಆ ಕಾಗದದ ಷರತ್ತುಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕುಟುಂಬಕ್ಕೆ ಮನೆ ಕೊಡುವಾಗ 11 ತಿಂಗಳು ಸಾಕು. ಅಂಗಡಿಯನ್ನು ಹೆಚ್ಚು ವರ್ಷಕ್ಕೆ ಕೊಡುವುದಾದರೆ ನೋಂದಣಿ ಮಾಡಿಸಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ಹೆದರುವವರಿದ್ದಾರೆ. ಅದು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಬೇರೆ ಕಡೆ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ಮನೆಗೆ ಅನ್ವಯಿಸುವುದಿಲ್ಲ. ಇವತ್ತಿನ ಹೆಚ್ಚಿನ ಮನೆಗಳು ಅದರ ಹೊರಗೇ ಇವೆ. ಅವಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಬರೆಯದಿದ್ದರೆ ತಿಂಗಳ ಬಾಡಿಗೆಯವರಿಗೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ನಾನು ಕರಾರಿನಲ್ಲೇ ಇಬ್ಬರಿಗೂ ಎರಡು ತಿಂಗಳು ಎಂದು ಬರೆಸುತ್ತೇನೆ. ಇದ್ದಕ್ಕಿದ್ದಂತೆ ಮನೆ ಬಿಡಿ ಎಂದರೆ ಮಕ್ಕಳನ್ನು ಕರೆದುಕೊಂಡು ಅವರು ಎಲ್ಲಿಗೆ ಹೋಗಬೇಕು, ಅಲ್ವಾ?

ಡಿಪಾಸಿಟ್ ನಾನು ಮೂರು ತಿಂಗಳಿನಷ್ಟು ತೆಗೆದುಕೊಳ್ಳುತ್ತೇನೆ. ಅದು ಏಕೆ ಬೇಕು ಎಂದು ಒಬ್ಬರು ನನಗೆ ಕಲಿಸಿದರು. ಸಣ್ಣ ವ್ಯಾಪಾರ ಮಾಡುತ್ತಿದ್ದರು, ಮಾತು ಮೃದು. ವ್ಯಾಪಾರ ಬಿತ್ತು. ನಾಲ್ಕು ತಿಂಗಳು ಬಾಡಿಗೆ ಬರಲಿಲ್ಲ. "ನಳಾ ಬಂದ್ ಮಾಡ್ರೀ, ಕರೆಂಟ್ ತೆಗೀರಿ, ತಾವ ಹೋಗ್ತಾರ" ಎಂದು ಓಣಿಯವರು ಹೇಳಿದರು. ನಾನು ಮಾಡಲಿಲ್ಲ. ಕೂಸು ಇರುವ ಮನೆಗೆ ನೀರು ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಕಾನೂನೂ ಅದಕ್ಕೆ ಒಪ್ಪುವುದಿಲ್ಲ. ಬಲವಂತದಿಂದ ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು, ಆಗ ಮಾಲೀಕತ್ವದ ಕಾಗದ ತೋರಿಸಿದರೂ ಉಪಯೋಗವಿಲ್ಲ. ಎದುರು ಕೂತು ಮಾತಾಡಿದೆ. ಡಿಪಾಸಿಟ್ ಮುರಿದುಕೊಂಡೆ, ಒಂದು ತಿಂಗಳಿನದು ಬಿಟ್ಟುಕೊಟ್ಟೆ. ಅವರು ತಮ್ಮ ಊರಿಗೆ ಹೋದರು. 8,000 ಹೋಯಿತು. ಕೋರ್ಟಿಗೆ ಹೋಗಿದ್ದರೆ ಅದರ ಎಷ್ಟೋ ಪಟ್ಟು ಹೋಗುತ್ತಿತ್ತು.

ಈಗ ಮೊದಲ ಬಾಡಿಗೆ ತಪ್ಪಿದ ವಾರವೇ ಹೋಗಿ ಕೇಳುತ್ತೇನೆ. ಬರುವ ಮುಂಚೆ ಹಿಂದಿನ ಮನೆಯ ಮಾಲೀಕರಿಗೆ ಫೋನ್ ಮಾಡುತ್ತೇನೆ. ಪಗಾರದ ಚೀಟಿಗಿಂತ ಆ ಒಂದು ಫೋನ್ ಹೆಚ್ಚು ತಿಳಿಸುತ್ತದೆ. ಆಧಾರ್ ನಕಲು, ಫೋಟೋ ತೆಗೆದುಕೊಂಡು ಪೊಲೀಸ್ ಠಾಣೆಗೂ ವಿವರ ಕೊಡುತ್ತೇನೆ. ವಿದೇಶಿ ವಿದ್ಯಾರ್ಥಿಗೆ ಕೊಟ್ಟರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ನಿಗದಿತ ಫಾರ್ಮ್‌ನಲ್ಲಿ ಸಲ್ಲಿಸಬೇಕು, ಮರೆಯಬೇಡಿ.

ಮೀಟರ್ ಪ್ರತಿ ಪೋರ್ಷನ್‌ಗೆ ಬೇರೆ ಇರಲಿ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಎರಡು ಕುಟುಂಬ ಒಂದೇ ಮೀಟರಿನಲ್ಲಿದ್ದರೆ ದಾಟುವುದು ಸುಲಭ, ಜಗಳವೂ ಸುಲಭ. ಬಿಟ್ಟು ಹೋಗುವವರು ತಮ್ಮ ಆಧಾರ್ ಜೋಡಣೆಯನ್ನು ತೆಗೆಸಿ ಹೋಗಬೇಕು. ಇಲ್ಲದಿದ್ದರೆ ಮುಂದೆ ಬರುವವರಿಗೆ ತೊಂದರೆ.

ನೀರು ನಮ್ಮ ಕಡೆ ಬಾಡಿಗೆಯನ್ನೇ ನಿರ್ಧರಿಸುತ್ತದೆ. ಬೆಳಗಾವಿಗೆ ರಾಕಸಕೊಪ್ಪ ಮತ್ತು ಹಿಡಕಲ್‌ನಿಂದ ನೀರು ಬರುತ್ತದೆ. ನಿರಂತರ ನೀರಿನ ಯೋಜನೆ 2008ರಲ್ಲಿ ಕೆಲವು ವಾರ್ಡ್‌ಗಳಲ್ಲಿ ಶುರುವಾಯಿತು. ಉಳಿದೆಡೆ ನಳಾ ಬರುವ ದಿನಕ್ಕೆ ಕಾಯಬೇಕು. ಅಲ್ಲಿ ದೊಡ್ಡ ಸಂಪು ಅಥವಾ ಬೇಸಿಗೆಯಲ್ಲೂ ಬತ್ತದ ಬಾವಿ ಇದ್ದರೆ ಆ ಮನೆ ಖಾಲಿ ಉಳಿಯುವುದಿಲ್ಲ. ಬಣ್ಣಕ್ಕೆ ಹಾಕುವ ರೊಕ್ಕವನ್ನು ಮೊದಲು ಸಂಪಿಗೆ ಹಾಕಿ.

ತೆರಿಗೆ ಕಷ್ಟವೇನಲ್ಲ. ವರ್ಷದಲ್ಲಿ ನಿಜವಾಗಿ ಬಂದ ಬಾಡಿಗೆಯಿಂದ ನೀವು ಕಟ್ಟಿದ ಮನೆಪಟ್ಟಿ ಕಳೆಯಿರಿ. ಉಳಿದದ್ದರಲ್ಲಿ ಶೇ 30 ದುರಸ್ತಿಗೆಂದು ಕಾನೂನೇ ಬಿಡುತ್ತದೆ. ನೀವು ಎಷ್ಟು ಖರ್ಚು ಮಾಡಿದಿರಿ ಎಂದು ರಸೀದಿ ಕೇಳುವುದಿಲ್ಲ, ಜಾಸ್ತಿ ಮಾಡಿದ್ದರೂ ಜಾಸ್ತಿ ಬಿಡುವುದಿಲ್ಲ. ಆಮೇಲೆ ಸಾಲದ ಬಡ್ಡಿ. ಮೇಲಿನ ಉದಾಹರಣೆಯಲ್ಲಿ 1,76,000ದಿಂದ 9,000 ಪಟ್ಟಿ ಹೋಗಿ 1,67,000. ಶೇ 30 ಹೋಗಿ 1,16,900. ಬಡ್ಡಿ 2,36,000 ಕಳೆದರೆ 1,19,100 ನಷ್ಟ. ಹಳೆ ತೆರಿಗೆ ಪದ್ಧತಿಯಲ್ಲಿ ಇಂಥ ನಷ್ಟವನ್ನು 2 ಲಕ್ಷದವರೆಗೆ ಪಗಾರದ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆಗುವುದಿಲ್ಲ. ಸಾಲ ಇರುವ ಪಗಾರದಾರರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಿಯೇ ಆರಿಸಬೇಕು. ಮನೆಪಟ್ಟಿಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ.

ಕಾಕಾ ಕಳೆದ ವರ್ಷ ಕೀಲಿ ತೆಗೆದರು. ಕಾಲೇಜಿನಲ್ಲಿ ಕಲಿಸುವ ದಂಪತಿಗಳು ಬಂದಿದ್ದಾರೆ. ಒಳಗೆ ಬಂದ ದಿನ ನಾನೇ ಹೋಗಿ ಮೀಟರಿನ ಅಂಕಿ, ನಳ, ಫ್ಯಾನು, ಕಿಟಕಿ ಗಾಜು ಎಲ್ಲದರ ಫೋಟೋ ತೆಗೆದೆ. ಅದನ್ನು ಎರಡೂ ಮನೆಯವರ ಫೋನಿಗೆ ಕಳಿಸಿದೆ. ಬಿಡುವ ದಿನ ಅದನ್ನೇ ತೆಗೆದು ನೋಡಿದರೆ ಡಿಪಾಸಿಟ್ ಮೇಲೆ ಜಗಳ ಬರುವುದಿಲ್ಲ. ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಮೊನ್ನೆ ಕಾಕಾ ತಾವೇ ಫೋನ್ ಮಾಡಿ ಕೇಳಿದರು: "ಹೊಸಾ ಬಾಂಡ್ ಯಾವಾಗ ತರ್ತೀಯೋ? ಅವರು ಇನ್ನೊಂದ ವರ್ಷ ಇರ್ತೀವಿ ಅಂದಾರ."